ರುದ್ರಮ್ಮ ಬರೆದ ಲಗ್ನಗಳು

ಅರಸೀಕೆರೆಯ ಪೇಟೆ ಮಠದ ಕಲ್ಯಾಣ ಮಂಟಪದಲ್ಲಿ ಮದುವೆಯಾದವರು ಊಟಕ್ಕೆ ಕೂರುವ ಮೊದಲು ಅಡುಗೆಮನೆಯ ಪಕ್ಕದ ಒಂದು ಸಣ್ಣ ಕೋಣೆಗೆ ಹೋಗಿಬರಬೇಕು. ಕೋಣೆಯಲ್ಲಿ ಒಂದು ಮೇಜು, ಎರಡು ಕಬ್ಬಿಣದ ಬೀರು, ಗೋಡೆಯ ಮೇಲೆ ಹಿಂದಿನ ಸ್ವಾಮಿಗಳ ಫೋಟೊ. ಮೇಜಿನ ಹಿಂದೆ ಮೂವತ್ತೆರಡು ವರ್ಷದಿಂದ ರುದ್ರಮ್ಮ ಕೂತಿದ್ದಾರೆ. ಗಂಡಿನ ಹೆಸರು, ವಯಸ್ಸು, ತಂದೆ, ಊರು. ಹೆಣ್ಣಿನ ಹೆಸರು, ವಯಸ್ಸು, ತಂದೆ, ಊರು. ಇಬ್ಬರಿಗೂ ಇದು ಎಷ್ಟನೆಯ ಲಗ್ನ, ಎರಡನೆಯದಾದರೆ ಮೊದಲನೆಯದು ಹೇಗೆ, ಯಾವಾಗ ಮುಗಿಯಿತು. ಇಷ್ಟನ್ನು ಕೇಳಿ ಲಗ್ನ ಪುಸ್ತಕದಲ್ಲಿ ಬರೆದು, ಪುಸ್ತಕವನ್ನು ಹುಡುಗಿಯ ಕಡೆಗೆ ತಿರುಗಿಸಿ, "ಇಲ್ಲಿ ಹಾಕವ್ವ. ನಿಧಾನ, ಶಾಯಿ ಹಸಿ ಐತೆ, ಬಳೆ ತಗುಲ್ತದೆ," ಎನ್ನುತ್ತಾರೆ. ಆಮೇಲೆ ಗಂಡು, ಆಮೇಲೆ ಇಬ್ಬರು ಸಾಕ್ಷಿ. ಮುಂದಿನವರು.

ವೈಶಾಖದಲ್ಲಿ ಒಂದೇ ದಿನ ಐದು ಮುಹೂರ್ತ ಇದ್ದದ್ದುಂಟು. ಆಷಾಢದಲ್ಲಿ ಒಂದೂ ಇರುವುದಿಲ್ಲ. ಆಗ ಅವರು ಹಳೆಯ ಪುಸ್ತಕಗಳಿಗೆ ರಟ್ಟು ಹಾಕುತ್ತಾರೆ, ಬೇವಿನೆಲೆ ಇಡುತ್ತಾರೆ, ಹುಳ ಬಿದ್ದಿದೆಯೇ ನೋಡುತ್ತಾರೆ. ಕೆಲಸ ದೊಡ್ಡದಲ್ಲ. ಆದರೆ ಇಷ್ಟು ವರ್ಷವಾದ ಮೇಲೆ ಯಾರಾದರೂ ಮದುವೆಯ ಸುದ್ದಿ ಎತ್ತಿದರೆ ಅವರಿಗೆ ಮೊದಲು ಬರುವುದು ಆಕಳಿಕೆ.

ಈ ಕೆಲಸ ಮೊದಲು ಅವರ ಗಂಡ ಕರಿಬಸವಯ್ಯನವರದ್ದು. ಅವರು ಮಠದ ಗುಮಾಸ್ತರಾಗಿದ್ದರು, ದುಂಡಗಿನ ಅಕ್ಷರ, ಯಾರ ತಂಟೆಗೂ ಹೋಗದ ಮನುಷ್ಯ. ತೊಂಬತ್ಮೂರರಲ್ಲಿ ಕಾಮಾಲೆಯಾಗಿ ಹದಿನೆಂಟೇ ದಿನದಲ್ಲಿ ಹೋಗಿಬಿಟ್ಟರು. ಆಗ ರುದ್ರಮ್ಮನಿಗೆ ಇಪ್ಪತ್ತೈದು, ಮಗಳು ಮೇಘಶ್ರೀಗೆ ಹತ್ತು ತಿಂಗಳು. ಅವರು ಎಸ್ಸೆಸ್ಸೆಲ್ಸಿ ಪಾಸಾಗಿದ್ದರು. ಮಠದ ಹಿರಿಯರು ಕರೆಸಿ, "ಮಗು ದೊಡ್ಡದಾಗೋವರ್ಗೂ ನೀನೇ ಬರಕೊಂಡು ಕೂತಿರಮ್ಮ," ಎಂದರು. ಮಗು ದೊಡ್ಡದಾಯಿತು. ಹೇಳಿದ ಹಿರಿಯರು ಹೋದರು. ರುದ್ರಮ್ಮ ಅಲ್ಲೇ ಉಳಿದರು.

ಕರಿಬಸವಯ್ಯನವರ ಕಾಲದಲ್ಲಿ ಆ ಮೇಜು ಮಂಟಪದ ಮುಂಬಾಗಿಲ ಪಕ್ಕದಲ್ಲಿತ್ತು. ರುದ್ರಮ್ಮ ಬಂದ ವಾರ ಮಠದವರು ಅದನ್ನು ಅಡುಗೆಮನೆಯ ಪಕ್ಕಕ್ಕೆ ಸಾಗಿಸಿದರು. ಯಾಕೆಂದು ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಹಸೆಮಣೆಗೆ ಹೋಗುವ ಹುಡುಗಿಗೆ ಮೊದಲು ಎದುರಾಗುವ ಮುಖ ಗಂಡ ಸತ್ತವಳದ್ದಾಗಬಾರದು. ನಮ್ಮಲ್ಲಿ ಅಂಥದ್ದಕ್ಕೆಲ್ಲ ಜಾಗವಿಲ್ಲವೆಂದು ಮಠದ ಪ್ರವಚನದಲ್ಲಿ ಹೇಳುತ್ತಿದ್ದರು. ಕೊಬ್ಬರಿ ಮಂಡಿಯ ಮನೆಗಳವರು ಪ್ರವಚನ ಕೇಳಿ ತಲೆದೂಗಿ, ಮನೆಯ ಶುಭಕಾರ್ಯದಲ್ಲಿ ತಮ್ಮದೇ ರೀತಿಯಲ್ಲಿ ನಡೆದುಕೊಳ್ಳುತ್ತಿದ್ದರು. ಆ ಕೋಣೆಯಿಂದ ನಾದಸ್ವರ ಕೇಳಿಸುತ್ತದೆ, ಗಟ್ಟಿಮೇಳ ಕೇಳಿಸುತ್ತದೆ, ಹಸೆಮಣೆ ಕಾಣುವುದಿಲ್ಲ. ಗಟ್ಟಿಮೇಳ ನಿಂತು ಹತ್ತು ನಿಮಿಷಕ್ಕೆ ಜೋಡಿ ಬರುತ್ತದೆಂದು ಅವರು ಪೆನ್ನಿನ ಮುಚ್ಚಳ ತೆಗೆದು ಕೂರುತ್ತಿದ್ದರು.

ಬರೆಯುತ್ತ ಬರೆಯುತ್ತ ಊರಿನ ನೆಂಟಸ್ತಿಕೆಗಳೆಲ್ಲ ಅವರ ತಲೆಯಲ್ಲಿ ಕೂತುಬಿಟ್ಟವು. ಮಂಡಿಯ ನಾಲ್ಕು ಬೀದಿಯವರು ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತರುತ್ತಿದ್ದರು. ಅಣ್ಣನ ಮದುವೆಯಾದ ದಿನವೇ ಅದೇ ಮನೆಗೆ ತಂಗಿಯನ್ನು ಕೊಟ್ಟದ್ದು ಪುಸ್ತಕದಲ್ಲಿ ಒಂದರ ಕೆಳಗೊಂದು ಬರುತ್ತಿತ್ತು. ಹೆಂಡತಿ ಸತ್ತರೆ ಅವಳ ತಂಗಿ. ಆಮೇಲೆ ಕಾಲ ಹೊರಳಿತು. ಹೆಣ್ಣಿನ ವಯಸ್ಸಿನ ಕಡೆ ಹತ್ತೊಂಬತ್ತು ಇದ್ದದ್ದು ಇಪ್ಪತ್ತನಾಲ್ಕಾಯಿತು, ಇಪ್ಪತ್ತೆಂಟಾಯಿತು. ಗಂಡಿನ ಕಡೆ ಮೂವತ್ತೆಂಟು, ನಲವತ್ತು ಎಂದು ಬರೆಯುವಾಗ ಮೊದಮೊದಲು ತಪ್ಪು ಕೇಳಿಸಿತೇನೋ ಎಂದು ಮತ್ತೆ ಕೇಳುತ್ತಿದ್ದರು. ತೋಟವಿದ್ದೂ ಹೆಣ್ಣು ಸಿಗದ ಗಂಡುಗಳ ತಾಯಂದಿರು ಕೋಣೆಗೆ ಬಂದು, "ನಿಮಗೆ ಗೊತ್ತಿಲ್ದಿರೋ ಮನೆ ಯಾವ್ದೈತೆ, ಒಂದು ಹೆಣ್ಣು ತೋರ್ಸಿ," ಎಂದು ಬಾಗಿಲಲ್ಲಿ ಕೂತುಬಿಡುತ್ತಿದ್ದರು. ಅವರಿಗೆ ನೀರು ಕೊಡುತ್ತಿದ್ದರು. ಹೆಣ್ಣು ತೋರಿಸುವ ಕೆಲಸಕ್ಕೆ ಮಾತ್ರ ಯಾವತ್ತೂ ಹೋಗಲಿಲ್ಲ.

ಒಂದು ಮದುವೆಯ ವಿಷಯ ಇಲ್ಲಿ ಹೇಳಬೇಕು. ತೊಂಬತ್ತಾರರಲ್ಲಿ ಹಾರನಹಳ್ಳಿ ಕಡೆಯ ಕುಮಾರಸ್ವಾಮಿ ಎಂಬುವರು ಮಠಕ್ಕೆ ಬಂದುಹೋಗಿ ಮಾಡುತ್ತಿದ್ದರು. ಕೊಬ್ಬರಿ ವ್ಯಾಪಾರ, ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು, ಮಗುವೂ ಉಳಿದಿರಲಿಲ್ಲ. ಹೆಂಡತಿಯ ಹೆಸರಿನಲ್ಲಿ ವರ್ಷದ ದಾಸೋಹ ಬರೆಸಲು ಬಂದವರು ಮೇಜಿನ ಮುಂದೆ ಕೂತು ಹೆಸರು ಹೇಳಲಾರದೆ ಅತ್ತಿದ್ದರು. ರುದ್ರಮ್ಮ ಪೆನ್ನು ಹಿಡಿದುಕೊಂಡು ಸುಮ್ಮನೆ ಕಾದಿದ್ದರು. ಆರು ತಿಂಗಳಾದ ಮೇಲೆ ಅವರು ಮಠದ ಹಿರಿಯರ ಮೂಲಕ ಕೇಳಿಸಿದರು: ರುದ್ರಮ್ಮ ಒಪ್ಪುವುದಾದರೆ ಮದುವೆ, ಮಗಳು ತನ್ನ ಮಗಳೇ.

ಹಿರಿಯರು ಮಾತನ್ನು ರುದ್ರಮ್ಮನ ಕಿವಿಗೆ ಹಾಕಿ, ಮಾರನೆಯ ದಿನ ಅವರ ಅಣ್ಣ ಹುಚ್ಚಣ್ಣನಿಗೆ ಮುಟ್ಟಿಸಿದರು. ತವರುಮನೆಯೂ ಹಾರನಹಳ್ಳಿಯೇ. ಹುಚ್ಚಣ್ಣ ಮರುದಿನ ಬೆಳಗಿನ ಬಸ್ಸಿಗೇ ಬಂದ. ಸಿಟ್ಟು ಮಾಡಲಿಲ್ಲ. ತಂಗಿಯ ಮನೆಯ ಜಗುಲಿಯಲ್ಲಿ ಕೂತು ಕಾಫಿ ಕುಡಿದು ಹೇಳಿದ:

"ಅವ್ನು ಒಳ್ಳೆಯೋನೇ. ಅವ್ನಿಗೆ ಬೇರೆ ಹೆಣ್ಣು ಸಿಕ್ತದೆ. ನಮ್ಮ ಮನೇಲಿ ಹಿಂದೆಂದೂ ಇಂಥದ್ದು ನಡೆದಿಲ್ಲ ಕಣೇ. ನಿನ್ನಿಂದ ಶುರುವಾಗೋದು ಬ್ಯಾಡ."

"ನಾನೇನಾದ್ರೂ ಕೇಳಿದ್ನಾ?" ಎಂದರು ರುದ್ರಮ್ಮ.

"ಕೇಳಿಲ್ಲ ಅಂತ ಗೊತ್ತು. ಅದುಕ್ಕೇ ಹೇಳ್ತಾ ಇರೋದು."

ನಿಜ, ಅವರು ಕೇಳಿರಲಿಲ್ಲ. ಆದರೆ ಸುದ್ದಿ ಬಂದು ಅಣ್ಣ ಬರುವವರೆಗಿನ ಎರಡು ದಿನ, ಮಗುವಿಗೆ ಎಣ್ಣೆ ಹಚ್ಚುವಾಗ, ಬಾವಿಯಲ್ಲಿ ನೀರು ಸೇದುವಾಗ, ಒಪ್ಪಿಕೊಂಡರೆ ಹೇಗಿರುತ್ತದೆ ಎಂದು ಯೋಚಿಸಿದ್ದರು. ಅಷ್ಟೇ. ಮುಂದಿನ ಮಾಘದಲ್ಲಿ ಕುಮಾರಸ್ವಾಮಿಯವರ ಮದುವೆ ಅದೇ ಮಂಟಪದಲ್ಲಿ ತಿಪಟೂರಿನ ಹತ್ತೊಂಬತ್ತು ವರ್ಷದ ಹುಡುಗಿಯೊಂದಿಗೆ ಆಯಿತು. ಊಟಕ್ಕೆ ಮೊದಲು ಜೋಡಿ ಕೋಣೆಗೆ ಬಂತು. ರುದ್ರಮ್ಮ ಬರೆದರು. ಗಂಡಿಗೆ ಎರಡನೆಯ ಲಗ್ನ, ಹೆಣ್ಣಿಗೆ ಮೊದಲನೆಯದು. ಆ ಪುಟದ ಅಕ್ಷರ ಹಿಂದಿನ ಪುಟದ ಹಾಗೆಯೇ ಇದೆ, ಮುಂದಿನ ಪುಟದ ಹಾಗೆಯೇ ಇದೆ. ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಮೇಘಶ್ರೀ ಓದಿದಳು. ಬೇಲೂರಿನ ಒಂದು ಶಾಲೆಯಲ್ಲಿ ಗಣಿತದ ಟೀಚರ್ ಆದಳು. ಇಪ್ಪತ್ತಾರಕ್ಕೆ ಮದುವೆಯಾಯಿತು, ತಾಯಿ ಹಸೆಮಣೆಯ ಹತ್ತಿರ ಬರುವಂತಿರಲಿಲ್ಲವಾದ್ದರಿಂದ ಹುಚ್ಚಣ್ಣ, ಅವನ ಹೆಂಡತಿ ನಿಂತು ಧಾರೆ ಎರೆದರು. ರುದ್ರಮ್ಮ ಕೋಣೆಯಲ್ಲಿ ಕೂತು ಗಟ್ಟಿಮೇಳ ಕೇಳಿಸಿಕೊಂಡರು. ಎರಡೂವರೆ ವರ್ಷಕ್ಕೆ, ಕೊರೋನಾದ ಎರಡನೆಯ ಅಲೆಯಲ್ಲಿ, ಅಳಿಯ ತೀರಿಕೊಂಡ. ಹೆಣವನ್ನು ದೂರದಿಂದ ತೋರಿಸಿದರು. ಗಂಡನ ಮನೆಯವರು ಕೆಟ್ಟವರಲ್ಲ, ಆದರೆ ಅಲ್ಲಿ ಇರುವುದಕ್ಕೆ ಕಾರಣವೂ ಉಳಿಯಲಿಲ್ಲ. ಅವಳು ಬೇಲೂರಿನಲ್ಲಿ ಒಂದು ರೂಮು ಮಾಡಿಕೊಂಡು ಶಾಲೆಗೆ ಹೋಗುತ್ತ ಇದ್ದಳು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಅರಸೀಕೆರೆಗೆ ಬರುವಳು, ಭಾನುವಾರ ಸಂಜೆ ಹೋಗುವಳು. ತಾಯಿ ಮಗಳು ಟೀವಿ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಹೇಳಿಕೊಳ್ಳುವಂಥ ಮಾತು ಇಬ್ಬರಲ್ಲೂ ಹೆಚ್ಚಿರಲಿಲ್ಲ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಮೇಧಿನಿ ಎಂಬ ಹುಡುಗಿ ಮಠಕ್ಕೆ ಬಂದಳು. ಹಳೇಬೀಡಿನ ನಿವೃತ್ತ ಮೇಷ್ಟ್ರು ಗೋಪಾಲಸ್ವಾಮಿಯವರ ಮಗಳು. ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಒಂದು ಸಣ್ಣ ಪಟ್ಟಣದಲ್ಲಿ ನೂರಿಪ್ಪತ್ತು ವರ್ಷದಿಂದ ಯಾರು ಯಾರನ್ನು, ಯಾವ ವಯಸ್ಸಿನಲ್ಲಿ, ಎಷ್ಟು ದೂರದ ಊರಿನಿಂದ, ಯಾವ ತಿಂಗಳಲ್ಲಿ ಮದುವೆಯಾದರು ಎಂಬುದು ಅವಳ ವಿಷಯ. ಪೇಟೆ ಮಠದ ಒಕ್ಕಲುಗಳ ಲಗ್ನ ಪುಸ್ತಕ ಸಾವಿರದ ಒಂಬೈನೂರ ಮೂರರಿಂದ ಒಂದೂ ತಪ್ಪದೆ ಇದೆಯೆಂದು ಯಾರೋ ಹೇಳಿದ್ದರು. ಆಡಳಿತ ಮಂಡಳಿಯವರು ನೋಡಲು ಬಿಟ್ಟರು, ಹೊರಗೆ ಒಯ್ಯಬಾರದು ಎಂದರು.

ಹಳೆಯ ಪುಸ್ತಕಗಳ ಮೋಡಿ ಅಕ್ಷರ, ಆ ಕೂಡುಬರಹ, ಮೇಧಿನಿಗೆ ತಿಳಿಯುತ್ತಿರಲಿಲ್ಲ; ಹೊಸ ಪುಸ್ತಕಗಳೂ ಒಬ್ಬರು ಓದಿದರೆ ಬೇಗ ಸಾಗುತ್ತಿದ್ದವು. ರುದ್ರಮ್ಮ ಓದಿ ಹೇಳಬೇಕು, ಅವಳು ಲ್ಯಾಪ್‌ಟಾಪಿನಲ್ಲಿ ಒತ್ತಬೇಕು. ದಿನಕ್ಕೆ ಮೂರು ಗಂಟೆ. ಮೊದಲ ವಾರ ರುದ್ರಮ್ಮನಿಗೆ ಬೇಸರವೇ ಆಯಿತು.

"ಇದೆಲ್ಲ ತಗೊಂಡು ಏನ್ ಮಾಡ್ತೀಯವ್ವ?"

"ಎಣಿಸ್ತೀನಿ ಆಂಟಿ."

"ಎಣಿಸಿ?"

"ಒಂದೊಂದೇ ಮದುವೆ ನೋಡಿದ್ರೆ ಅವರವರ ಮನೆ ವಿಷ್ಯ. ಎಲ್ಲಾ ಒಟ್ಟಿಗೆ ಇಟ್ರೆ ಊರು ಏನ್ ಮಾಡ್ತಿತ್ತು ಅಂತ ಕಾಣ್ಸುತ್ತೆ."

ಫೆಬ್ರವರಿ ಕೊನೆಗೆ ರುದ್ರಮ್ಮನ ಕೈಬರಹದ ಪುಸ್ತಕಗಳು ಮುಗಿದವು. ಮೇಧಿನಿ ಒಂದು ಹಾಳೆ ತೋರಿಸಿದಳು. ಮೂವತ್ತೆರಡು ವರ್ಷದಲ್ಲಿ ನಾಲ್ಕು ಸಾವಿರದ ನೂರ ಹನ್ನೆರಡು ಮದುವೆ. ಗಂಡಿಗೆ ಎರಡನೆಯ ಲಗ್ನವಾದದ್ದು ಇನ್ನೂರ ಎಂಬತ್ತೇಳು. ಹೆಂಡತಿ ಸತ್ತು ವರ್ಷ ತುಂಬುವುದರೊಳಗೆ ಆದದ್ದೇ ಅರ್ಧಕ್ಕಿಂತ ಹೆಚ್ಚು. ಹೆಣ್ಣಿಗೆ ಎರಡನೆಯದು ಹತ್ತೊಂಬತ್ತು. ಅದರಲ್ಲಿ ಹದಿನಾಲ್ಕು ಡೈವೋರ್ಸ್ ಆದವರದ್ದು. ಗಂಡ ಸತ್ತವರದ್ದು ಐದು.

ಒಂದೊಂದನ್ನೂ ಬರೆದವರು ರುದ್ರಮ್ಮನೇ. ಆದರೂ ಹಾಳೆ ಹಿಡಿದು ಸ್ವಲ್ಪ ಹೊತ್ತು ನೋಡಿದರು. "ಐದಾ?" ಎಂದರು. ಆಮೇಲೆ, "ಇರ್ಬೌದು," ಎಂದು ವಾಪಸು ಕೊಟ್ಟರು.

ಮೇಧಿನಿ ಹಳೆಯ ಪುಸ್ತಕಗಳಿಗೆ ಹೋದಳು. ಅಲ್ಲಿ ಇನ್ನೊಂದು ಲೆಕ್ಕ ಕಾದಿತ್ತು. ಹನ್ನೊಂದು, ಹನ್ನೆರಡು ವರ್ಷದ ಮದುವಣಗಿತ್ತಿಯರ ನಡುವೆ ಆಗಾಗ ಇಪ್ಪತ್ತು, ಇಪ್ಪತ್ಮೂರು ವಯಸ್ಸಿನ ಹೆಣ್ಣುಗಳು ಬರುತ್ತಿದ್ದರು. ಅವರ ಹೆಸರಿನ ಮುಂದೆ ತಂದೆಯ ಹೆಸರಿಲ್ಲ. ಕೋಂ ಮೃತ ಇಂಥವರು, ಅಂದರೆ ತೀರಿಕೊಂಡ ಇಂಥವರ ಹೆಂಡತಿ, ಎಂದಿದೆ. ಕೊನೆಯಲ್ಲಿ ಎರಡು ಪದ: ಸೀರೆ ಉಡಿಕೆ. ಗಂಡ ಸತ್ತ ಹೆಣ್ಣಿಗೆ ಹೊಸ ಗಂಡು ಒಂದು ಸೀರೆ ತಂದು ಉಡಿಸಿ ಮನೆತುಂಬಿಸಿಕೊಳ್ಳುತ್ತಿದ್ದ ಮದುವೆ ಅದು. ಮೇಳವಿಲ್ಲ, ಚಪ್ಪರವಿಲ್ಲ, ಆದರೂ ಮಠ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿತ್ತು. ಮೊದಲ ಮೂವತ್ತು ವರ್ಷದ ಪುಸ್ತಕಗಳಲ್ಲಿ ಅಂಥವು ತೊಂಬತ್ತಾರು. ಸಾವಿರದ ಒಂಬೈನೂರ ಹತ್ತೊಂಬತ್ತು, ಇಪ್ಪತ್ತನೇ ಇಸವಿಗಳಲ್ಲೇ ಅದರಲ್ಲಿ ನಲವತ್ತೊಂದು ಬಂದಿದ್ದವು. ಹದಿನೆಂಟರ ಇನ್‌ಫ್ಲುಯೆಂಜಾ ಜ್ವರದಲ್ಲಿ ಊರು ಬರಿದಾಗಿ, ಉಳಿದವರು ಸಿಕ್ಕಸಿಕ್ಕವರೊಂದಿಗೆ ಮನೆ ಕಟ್ಟಿಕೊಂಡಿದ್ದರು. ಆಮೇಲೆ ಮಂಡಿ ಬೆಳೆಯಿತು, ಮನೆಗಳು ಮಾಳಿಗೆಯಾದವು. ಮೂವತ್ತೆರಡನೇ ಇಸವಿಯ ನಂತರ ಆ ಎರಡು ಪದ ಪುಸ್ತಕದಲ್ಲಿ ಕಾಣಿಸುವುದಿಲ್ಲ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ರುದ್ರಮ್ಮ ಎಂದಿನಂತೆ ಹತ್ತೊಂಬತ್ತನೇ ಇಸವಿಯ ಪುಸ್ತಕ ಓದಿ ಹೇಳುತ್ತಿದ್ದರು. "ಹುಚ್ಚಪ್ಪ ಬಿನ್ ಕರಿಯಪ್ಪ, ವಯಸ್ಸು ಇಪ್ಪತ್ತೇಳು, ಹಾರನಹಳ್ಳಿ, ಕೋಟೆ ಬೀದಿ. ಗೌರವ್ವ ಕೋಂ ಮೃತ ಚನ್ನಪ್ಪ, ವಯಸ್ಸು ಇಪ್ಪತ್ತೊಂದು." ಅಲ್ಲಿಗೆ ನಿಲ್ಲಿಸಿದರು.

"ಉಡಿಕೆನಾ ಆಂಟಿ?" ಮೇಧಿನಿ ತಲೆ ಎತ್ತದೆ ಕೇಳಿದಳು.

"ಹೂಂ. ಉಡಿಕೆ."

ಹುಚ್ಚಪ್ಪ ಅವರ ತಾತ. ಅವನ ಹೆಸರನ್ನೇ ಅಣ್ಣನಿಗೆ ಇಟ್ಟಿರುವುದು. ಗೌರವ್ವ ಅಜ್ಜಿ, ರುದ್ರಮ್ಮ ಹುಟ್ಟುವುದಕ್ಕೆ ಮೊದಲೇ ಹೋದವಳು. ತವರುಮನೆಯ ಪಡಸಾಲೆಯಲ್ಲಿ ಅವಳದೊಂದು ಫೋಟೊ ಇದೆ. ರುದ್ರಮ್ಮ ಮುಂದಿನ ಸಾಲು ಓದಿದರು, ಅದರ ಮುಂದಿನದು ಓದಿದರು. ನಾಲ್ಕು ಗಂಟೆಗೆ ಬೀರುವಿಗೆ ಬೀಗ ಹಾಕುವಾಗ, "ಆ ಪುಟದ್ದು ಒಂದು ಝೆರಾಕ್ಸ್ ಬೇಕಿತ್ತಲ್ಲವ್ವ," ಎಂದರು.

ಝೆರಾಕ್ಸನ್ನು ಏನು ಮಾಡಬೇಕೆಂದು ಅವರಿಗೇ ಗೊತ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷವಾದ ಮೇಲೆ ಅಣ್ಣನ ಮುಂದೆ ಹಿಡಿದು ಜಗಳವಾಡುವುದಕ್ಕೆ ಮೈಯಲ್ಲಿ ಶಕ್ತಿ ಇರಲಿಲ್ಲ. ಸೀರೆಗಳ ನಡುವೆ ಇಟ್ಟರು.

ಯುಗಾದಿಯ ವಾರ ಮೇಘಶ್ರೀ ಬಂದಳು. ಅವರೆಕಾಯಿಯ ಕಾಲ ಮುಗಿದಿತ್ತು. ಇಬ್ಬರೂ ಹುಣಸೆಹಣ್ಣು ಬಿಡಿಸುತ್ತಿದ್ದರು. ಅವಳು ಕೈ ನೋಡಿಕೊಂಡೇ ಹೇಳಿದಳು.

"ಅಮ್ಮ, ಬಿಕ್ಕೋಡಿನ ಹತ್ರ ಒಂದು ಎಸ್ಟೇಟಲ್ಲಿ ಶಿವಕುಮಾರ್ ಅಂತ ರೈಟರ್ ಇದಾರೆ. ಆಳುಗಳ ಹಾಜರಿ, ಕೆಲಸ ಎಲ್ಲ ಅವರೇ ನೋಡ್ಕೊಳ್ಳೋದು. ಅವ್ರ ಅಕ್ಕನ ಮಗ ನಮ್ಮ ಸ್ಕೂಲು. ನಮ್ಮೋರೇ. ನಲವತ್ತೊಂದು. ಮದ್ವೆ ಆಗಿಲ್ಲ."

ರುದ್ರಮ್ಮ ಬೀಜ ತೆಗೆದು ಪಕ್ಕಕ್ಕಿಟ್ಟರು.

"ಅವ್ರು ಕೇಳಿದ್ರು. ನಾನು ಹೂಂ ಅಂದೆ."

ಸಂತೋಷವಾಗಬೇಕಿತ್ತು. ಆಗಲಿಲ್ಲ. ಅವರಿಗೆ ಬಂದದ್ದು ದೊಡ್ಡ ಆಯಾಸ, ಮೆಟ್ಟಿಲು ಹತ್ತಿ ಮುಗಿಯಿತೆಂದುಕೊಂಡಾಗ ಇನ್ನೊಂದು ಸಾಲು ಮೆಟ್ಟಿಲು ಕಂಡ ಹಾಗೆ. ಅದರ ಅಡಿಯಲ್ಲಿ ಇನ್ನೇನೋ ಇತ್ತು, ಅದನ್ನು ಹೊಟ್ಟೆಕಿಚ್ಚು ಎಂದು ಕರೆಯಲು ಅವರಿಗೆ ನಾಚಿಕೆಯಾಯಿತು.

"ಒಬ್ಳೇ ಇರಕ್ಕಾಗಲ್ವಾ?" ಎಂದುಬಿಟ್ಟರು.

"ಆಗುತ್ತೆ. ನಾಲ್ಕು ವರ್ಷದಿಂದ ಇದೀನಲ್ಲ. ನೀನು ಇರ್ಲಿಲ್ವಾ ಅಂತ ಮಾತ್ರ ಹೇಳ್ಬೇಡ."

ಆ ಮಾತೇ ನಾಲಿಗೆಯ ತುದಿಯಲ್ಲಿತ್ತು. ಇನ್ನೊಂದು ಹಣ್ಣು ಎತ್ತಿಕೊಂಡು, "ಆತ ಹೆಂಗೆ?" ಎಂದರು.

"ಎಲ್ಲರ ಹಂಗೇ. ಮಾತು ಕಡಿಮೆ. ಹೆಣ್ಣು ಸಿಕ್ಕಿಲ್ಲ, ಅದಕ್ಕೆ ನನ್ನ ಕೇಳಿರ್ಬೋದು. ನಾನೂ ಒಬ್ಳೇ ಉಂಡು ಉಂಡು ಬೇಜಾರಾಗಿ ಹೂಂ ಅಂದಿರ್ಬೋದು. ಅಷ್ಟಿದ್ರೆ ಸಾಲ್ದಾ ಅಮ್ಮ?"

ಸಾಲುತ್ತದೋ ಇಲ್ಲವೋ ರುದ್ರಮ್ಮನಿಗೆ ಗೊತ್ತಿರಲಿಲ್ಲ. ನಾಲ್ಕು ಸಾವಿರ ಮದುವೆ ಬರೆದಿದ್ದರು. ಯಾವುದರಲ್ಲೂ ಯಾಕೆ ಎಂಬ ಕಾಲಂ ಇರಲಿಲ್ಲ. "ಸಾಲ್ತದೆ," ಎಂದರು.

ಆ ಗುರುವಾರ ಅವರು ಹಾರನಹಳ್ಳಿಗೆ ಹೋದರು. ಹುಚ್ಚಣ್ಣ ಕೊಟ್ಟಿಗೆಯ ಮುಂದೆ ನೆಲಕ್ಕೆ ನೆಟ್ಟ ಸಲಾಕೆಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ. ಅರವತ್ತಾರು ವಯಸ್ಸಾದರೂ ತೋಳು ಸೋತಿರಲಿಲ್ಲ. ತಂಗಿ ಹೇಳಿದ್ದನ್ನೆಲ್ಲ ಕೈ ನಿಲ್ಲಿಸದೆ ಕೇಳಿದ.

"ಹೆಣ್ಣು ಸಿಗದೋನು," ಎಂದ. "ಅದುಕ್ಕೆ ಸಿಕ್ಕಿದ್ದು ಸಾಕು ಅಂದವ್ನೆ. ನಾಳೆ ನಾಲ್ಕು ಜನ ಏನಂತಾರೆ? ನಮ್ಮ ಮನೇಲಿ ಹಿಂದೆಂದೂ..."

"ನಡೆದೈತೆ," ಎಂದರು ರುದ್ರಮ್ಮ. ಬ್ಯಾಗಿನಿಂದ ಹಾಳೆ ತೆಗೆದರು. ಅವನಿಗೆ ಕನ್ನಡಕವಿಲ್ಲದೆ ಕಾಣುವುದಿಲ್ಲವಾದ್ದರಿಂದ ತಾವೇ ಓದಿದರು. ಮಠದಲ್ಲಿ ಮೇಧಿನಿಗೆ ಓದಿದ ದನಿಯಲ್ಲೇ, ಹುಚ್ಚಪ್ಪ ಬಿನ್ ಕರಿಯಪ್ಪ ಎಂದು ಶುರುಮಾಡಿ ಕೊನೆಯ ಎರಡು ಪದದವರೆಗೆ.

ಹುಚ್ಚಣ್ಣ ಕೈ ನಿಲ್ಲಿಸಿದ. ಹಾಳೆ ತೆಗೆದುಕೊಂಡು ಹಿಂದುಮುಂದು ನೋಡಿದ. "ಬೇರೆ ಹುಚ್ಚಪ್ಪ ಇರ್ಬೌದು," ಎಂದ.

"ಕೋಟೆ ಬೀದೀಲಿ ಎಷ್ಟು ಜನ ಹುಚ್ಚಪ್ಪ ಇದ್ರು, ಕರಿಯಪ್ಪನ ಮಗ?"

"ಆ ಕಾಲ ಬೇರೆ. ಜ್ವರ ಬಂದು ಜನ ಇರ್ಲಿಲ್ಲ."

"ಇವ್ಳ ಗಂಡನ್ನೂ ಜ್ವರವೇ ತಗೊಂಡೋಯ್ತಲ್ಲಣ್ಣ."

ಅವನು ಇನ್ನೊಂದು ಕಾಯಿ ಎತ್ತಿಕೊಂಡು ಸಲಾಕೆಗೆ ಚುಚ್ಚಿದ. ತೊಂಬತ್ತಾರರಲ್ಲಿ ಜಗುಲಿಯ ಮೇಲೆ ಅವನಾಡಿದ ಮಾತನ್ನು ರುದ್ರಮ್ಮ ಎತ್ತಬಹುದಿತ್ತು. ಎತ್ತಲಿಲ್ಲ. ಅವನ ಬೆನ್ನು ನೋಡುತ್ತ ನಿಂತರು. ಅದು ಮುದುಕನ ಬೆನ್ನಾಗಿತ್ತು. ಅವನು ಸುಳ್ಳು ಹೇಳಿರಲಿಲ್ಲ, ಅವನಿಗೆ ಗೊತ್ತೇ ಇರಲಿಲ್ಲ ಎಂಬುದು ಆಗ ಅವರಿಗೆ ಕಂಡಿತು.

ಒಳಗೆ ಅತ್ತಿಗೆ ರೊಟ್ಟಿ ಬಡಿಸಿದಳು. ಹೊರಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಚಟ್ನಿಯ ಬಟ್ಟಲು ಮುಂದಿಡುತ್ತ ಮೆಲ್ಲಗೆ ಹೇಳಿದಳು:

"ಅತ್ತೆ ಹೇಳಿದ್ರು ನಂಗೆ. ನಿಮ್ಮಮ್ಮ. ಗೌರವ್ವಂದು ಉಡಿಕೆ ಅಂತ. ಆಯಮ್ಮನ್ನ ಮದ್ವೆ ಮನೇಲಿ ಆರತಿ ಹಿಡಿಯಕ್ಕೆ ಮುಂದ್ಕೆ ಬಿಡ್ತಿರ್ಲಿಲ್ವಂತೆ, ಸಾಯೋಗಂಟ."

ರುದ್ರಮ್ಮ ತುತ್ತನ್ನು ತಟ್ಟೆಗೆ ಇಟ್ಟರು. "ನಿಮಗೆಲ್ಲ ಗೊತ್ತಿತ್ತಾ?"

"ಹೆಂಗಸ್ರಿಗೆ ಗೊತ್ತಿತ್ತು."

"ಅಮ್ಮಂಗೂ ಗೊತ್ತಿತ್ತು. ಅವತ್ತು ಕುಮಾರಸ್ವಾಮಿ ಕೇಳ್ದಾಗ ಅಮ್ಮ ಬದುಕಿದ್ಲು. ನಂಗ್ಯಾಕೆ ಹೇಳ್ಲಿಲ್ಲ?"

ಅತ್ತಿಗೆ ಸೆರಗಿನಿಂದ ಕೈ ಒರೆಸಿಕೊಂಡಳು. "ನೀನು ಯಾರನ್ನೂ ಏನೂ ಕೇಳ್ಲಿಲ್ವಲ್ಲ ರುದ್ರಿ. ಬ್ಯಾಡ ಅಂತಿದ್ದೀಯ ಅಂದ್ಕೊಂಡ್ವಿ."

ರುದ್ರಮ್ಮ ಕೂತು ರೊಟ್ಟಿ ಮುಗಿಸಿದರು. ಎಷ್ಟೋ ವರ್ಷ ಅಣ್ಣನ ಒಂದು ಮಾತು ತಮ್ಮನ್ನು ತಡೆದು ನಿಲ್ಲಿಸಿತೆಂದು ನಂಬಿದ್ದರು. ಈಗ ನೋಡಿದರೆ ಅಲ್ಲಿ ಇದ್ದವರೆಲ್ಲ ಒಬ್ಬರ ಬಾಯಿ ಒಬ್ಬರು ನೋಡುತ್ತ ಸುಮ್ಮನಿದ್ದರು, ಅವರೂ ಸೇರಿ. ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಟಿಕೆಟ್ ಪಡೆದು ಕಿಟಕಿಗೆ ತಲೆಯಾನಿಸಿದರು. ಅಳು ಬರಲಿಲ್ಲ, ನಿದ್ದೆ ಬಂತು.

ಮದುವೆಗೆ ಮಠದ ಅಧ್ಯಕ್ಷರು ಒಪ್ಪಿದರು. "ದೊಡ್ಡ ಹಾಲ್ ಬೇಡ, ಗದ್ದುಗೆ ಮುಂದೆ ಸಣ್ಣದಾಗಿ ಮುಗಿಸ್ಬಿಡಿ," ಎಂದರು. "ದೊಡ್ಡ ಹಾಲ್ ನಾವೂ ಕೇಳ್ಲಿಲ್ಲ," ಎಂದರು ರುದ್ರಮ್ಮ. ಮೇ ತಿಂಗಳ ಒಂದು ಬುಧವಾರ ಬೆಳಿಗ್ಗೆ ಏಳಕ್ಕೆ ಮುಹೂರ್ತ. ಮೂವತ್ತು ಜನ. ಶಿವಕುಮಾರ್ ಎತ್ತರದ, ಸ್ವಲ್ಪ ಬಾಗಿದ ಮನುಷ್ಯ; ಹೊಸ ಪಂಚೆಯನ್ನು ಎರಡು ಸಲ ಬಿಚ್ಚಿ ಕಟ್ಟಿಕೊಂಡ. ಹುಚ್ಚಣ್ಣ ಬರಲಿಲ್ಲ. ಅತ್ತಿಗೆ ಬಂದಳು, ಒಬ್ಬಳೇ, ಮೊದಲ ಬಸ್ಸಿಗೆ.

ಎಲ್ಲ ಸಿದ್ಧವಾದ ಮೇಲೆ ಅಯ್ಯನೋರು, "ಧಾರೆ ಎರೆಯೋರು ಬನ್ನಿ," ಎಂದರು. ಅತ್ತಿಗೆ ಒಬ್ಬಳೇ ಬಂದಿದ್ದಾಳೆ, ಜೋಡಿಯಿಲ್ಲ. ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು.

"ಅಮ್ಮ ಎರೀತಾರೆ," ಎಂದಳು ಮೇಘಶ್ರೀ.

ಅಯ್ಯನೋರು ಅಧ್ಯಕ್ಷರ ಕಡೆ ನೋಡಿದರು. ಅಧ್ಯಕ್ಷರು ತಮ್ಮ ಫೋನು ನೋಡುತ್ತಿದ್ದರು, ಅಥವಾ ನೋಡುವಂತೆ ನಿಂತಿದ್ದರು. "ಸರಿ, ಬನ್ನಿಯಮ್ಮ," ಎಂದರು ಅಯ್ಯನೋರು.

ರುದ್ರಮ್ಮನಿಗೆ ಹಿಂದಿನ ದಿನದಿಂದ ನಿಂತು ನಿಂತು ಸೊಂಟ ಹಿಡಿದುಕೊಂಡಿತ್ತು. ಎದ್ದು ಬಂದು ತಂಬಿಗೆ ಹಿಡಿದರು. ತಂಬಿಗೆ ಹೆಚ್ಚು ಬಾಗಿ ನೀರು ಅಳಿಯನ ಪಂಚೆಯ ಮೇಲೂ ಬಿತ್ತು. ಆಮೇಲೆ ಅಲ್ಲೇ, ಮೂರು ಅಡಿ ದೂರದಲ್ಲಿ ನಿಂತಿದ್ದಾಗ ಅವನು ತಾಳಿ ಕಟ್ಟಿದ. ಮೂವತ್ತೆರಡು ವರ್ಷ ಮದುವೆಯ ಮನೆಯಲ್ಲೇ ಇದ್ದು, ತಾಳಿ ಕಟ್ಟುವುದನ್ನು ಅವರು ಎದುರಿಗೆ ನೋಡಿದ್ದು ಅವತ್ತೇ. ಇಷ್ಟು ಬೇಗ ಮುಗಿದುಹೋಗುತ್ತದೆಯೇ ಎನಿಸಿತು. ಮೂರು ಗಂಟು, ಅಷ್ಟೇ. ಮೂರನೆಯದು ಜಾರಿತೆಂದು ಅವನ ಅಕ್ಕ ಕೈ ಹಾಕಿ ಬಿಗಿ ಮಾಡಿದಳು.

ಪುಸ್ತಕವನ್ನು ಅವತ್ತು ಮೇಧಿನಿ ಗದ್ದುಗೆಯ ಹತ್ತಿರವೇ ತಂದಿಟ್ಟಿದ್ದಳು. ರುದ್ರಮ್ಮ ಕೆಳಗೆ ಕೂತು ಬರೆದರು. ಹೆಣ್ಣಿಗೆ ಎರಡನೆಯ ಲಗ್ನ, ಗಂಡಿಗೆ ಮೊದಲನೆಯದು. ಮೇಧಿನಿ ಸಾಕ್ಷಿ ಹಾಕಿದಳು. "ನನ್ನ ಲೆಕ್ಕ ಹೋದ ತಿಂಗಳೇ ಮುಗ್ಸಿದೀನಿ ಆಂಟಿ, ಇದು ಸೇರಲ್ಲ," ಎಂದು ನಕ್ಕಳು. "ಬಿಡವ್ವ," ಎಂದರು ರುದ್ರಮ್ಮ, "ಒಂದು ಬಿಟ್ರೆ ಏನಾಯ್ತು."

ಊಟವಾದ ಮೇಲೆ ಜೋಡಿ ಜೀಪಿನಲ್ಲಿ ಹೋಯಿತು. ರುದ್ರಮ್ಮ ಎರಡು ದಿನ ಮಲಗಿದರು.

ಹುಚ್ಚಣ್ಣ ಮುಂದಿನ ತಿಂಗಳು ಯಾವುದೋ ನಾಮಕರಣದಲ್ಲಿ ಸಿಕ್ಕಿದ. ಕಾಯಿ ಸಣ್ಣದಾಗುತ್ತಿರುವುದರ ಬಗ್ಗೆ, ಮೊಣಕಾಲಿನ ಬಗ್ಗೆ ಮಾತಾಡಿದ. ಏಳುವಾಗ, "ಆ ಹಾಳೆ ನನ್ನ ಹತ್ರನೇ ಉಳೀತು," ಎಂದ. "ಇರ್ಲಿ ಬಿಡು," ಎಂದರು. ಪಡಸಾಲೆಯ ಗೌರವ್ವನ ಫೋಟೊದ ಹಿಂದೆ ಸಿಕ್ಕಿಸಿಟ್ಟಿದ್ದಾನೆಂದು ಆಮೇಲೆ ಅತ್ತಿಗೆಯಿಂದ ತಿಳಿಯಿತು. ಯಾಕೆ ಇಟ್ಟಿದ್ದಾನೆಂದು ಅವಳಿಗೂ ಗೊತ್ತಿಲ್ಲ.

ಜೂನಿನಲ್ಲಿ ಒಂದು ಭಾನುವಾರ ರುದ್ರಮ್ಮ ಬಿಕ್ಕೋಡಿಗೆ ಹೋದರು. ಜಾವಗಲ್ಲು, ಹಳೇಬೀಡು ದಾಟಿ ಬೇಲೂರಿನಲ್ಲಿ ಬಸ್ಸು ಬದಲಿಸಿ ಹೋಗುವುದರೊಳಗೆ ಹನ್ನೆರಡು ದಾಟಿತ್ತು. ಎಸ್ಟೇಟಿನ ಕ್ವಾರ್ಟರ್ಸು ಎರಡು ಕೋಣೆಯದು, ಮುಂದೆ ಒಗೆದ ಬಟ್ಟೆ. ಶಿವಕುಮಾರ್ ಗ್ಯಾಸ್ ತರಲು ಹೋಗಿದ್ದ. ಸಿಲಿಂಡರ್ ಮುಗಿಯುವುದನ್ನು ಮೊದಲೇ ಹೇಳಲಿಲ್ಲವೆಂದು ಅವನೂ, ಹೇಳಿದ್ದೆನೆಂದು ಇವಳೂ ಬೆಳಿಗ್ಗೆ ಮಾತಿಗೆ ಮಾತು ಬೆಳೆಸಿದ್ದರು. ಮೇಘಶ್ರೀಯ ಮುಖ ಇನ್ನೂ ಊದಿಕೊಂಡಿತ್ತು.

"ಚೆನ್ನಾಗಿದೀಯಾ?" ಎಂದರು ರುದ್ರಮ್ಮ.

"ಇದೀನಿ. ಬೆಳಿಗ್ಗೆ ಜೀಪು ಸಿಗಲ್ಲ, ಸ್ಕೂಲಿಗೆ ದಿನಾ ಲೇಟು. ಅವ್ರು ಗೊರಕೆ ಹೊಡೀತಾರೆ." ಸ್ವಲ್ಪ ತಡೆದು, "ಅನ್ನ ಹೆಚ್ಗೆ ಮಾಡೋದು ಮರ್ತೋಗಿತ್ತು ಅಮ್ಮ. ಮೊದಲ ವಾರವೆಲ್ಲ ಅವ್ರಿಗೆ ಸಾಲ್ತಿರ್ಲಿಲ್ಲ, ಹೇಳ್ತಾನೂ ಇರ್ಲಿಲ್ಲ," ಎಂದಳು.

ಊಟವಾದ ಮೇಲೆ ರುದ್ರಮ್ಮ ಒಳಕೋಣೆಯ ಚಾಪೆಯ ಮೇಲೆ ಸೊಂಟ ನೇರ ಮಾಡಿದರು. ನಾಲ್ಕು ಗಂಟೆಯ ಬಸ್ಸಿಗೆ ಹೊರಡಬೇಕು, ಎಬ್ಬಿಸು ಎಂದು ಹೇಳಿದ್ದರು. ಶಿವಕುಮಾರ್ ಸಿಲಿಂಡರ್ ಉರುಳಿಸಿಕೊಂಡು ಬಂದದ್ದು, ಮಗಳು ಅವನಿಗೆ ಬಡಿಸಿದ್ದು, ಇಬ್ಬರೂ ತಗ್ಗಿದ ದನಿಯಲ್ಲಿ ಏನೋ ಮಾತಾಡಿಕೊಂಡದ್ದು ಅರೆ ಎಚ್ಚರದಲ್ಲಿ ಕೇಳಿಸಿತು.

"ಎಬ್ಬಿಸ್ಲಾ?" ಎಂದಳು ಮೇಘಶ್ರೀ, ಮೂರೂಮುಕ್ಕಾಲಕ್ಕೆ.

"ಮಲಗ್ಲಿ ಬಿಡು. ನಾಳೆ ಬೆಳಿಗ್ಗೆ ನಾನೇ ಬಿಟ್ಟು ಬತ್ತೀನಿ," ಎಂದ ಅವನು, ಹೋಗಿ ಟೀವಿಯ ದನಿ ತಗ್ಗಿಸಿದ.

ರುದ್ರಮ್ಮ ಕೇಳಿಸಿಕೊಂಡರು. ಏಳಬೇಕೆಂದುಕೊಂಡರು. ಕಾಲು ಏಳಲಿಲ್ಲ. ಮಗ್ಗುಲು ಹೊರಳಿ, ಮಗಳು ಹೊದಿಸಿದ ಸೀರೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡರು.